ಶಾಲು ಹೊದ್ದ ಡ್ರೈವ್

“ಕೈ ತೆಗೀರಿ! ವಯರ್ ಕೀಳಬೇಡಿ!”

ಸೊಸೆ ಕೂಗಿದ ರಭಸಕ್ಕೆ ಸ್ಟುಡಿಯೋ ಮಾಲೀಕರ ಕೈ ಗಾಳಿಯಲ್ಲೇ ನಿಂತಿತು. ಕಂಪ್ಯೂಟರ್ ಪರದೆಯ ಮೇಲೆ ಬಾಣವೂ ನಿಂತಿತ್ತು, ಮೂಲೆಯ ಗಡಿಯಾರವೂ ನಿಂತಿತ್ತು. ಫೈಲುಗಳು ಎಷ್ಟು ಕಾಪಿಯಾದವೆಂದು ತೋರಿಸುವ ಹಸಿರು ಪಟ್ಟಿ ಇನ್ನೇನು ದಡ ಮುಟ್ಟಿತು ಎನ್ನುವಷ್ಟರಲ್ಲಿ ಕಲ್ಲಾಗಿ ಕೂತುಬಿಟ್ಟಿತ್ತು.

“ಹ್ಯಾಂಗ್ ಆಗಿದೆಯಲ್ಲಮ್ಮಾ,” ಎಂದರು ಮಾಲೀಕರು. “ಪ್ರತಿ ಸಲಾನೂ ಹೀಗೇ. ಕಿತ್ತು ಮತ್ತೆ ಹಾಕಿದ್ರೇನೇ ಇದಕ್ಕೆ ಜೀವ ಬರೋದು.”

“ಪ್ರತಿ ಸಲಾನೂ ಕಿತ್ತಿದೀರಾ?”

“ಮತ್ತೇನು, ಮುದ್ದು ಮಾಡ್ಲಾ?”

ಸೊಸೆ ಹಣೆಗೆ ಕೈ ಹಚ್ಚಿದಳು. ಮೂಲೆಯ ಸೋಫಾದಲ್ಲಿದ್ದ ಅತ್ತೆಗೆ ನಗು ತಡೆಯಲಾಗಲಿಲ್ಲ. ಆವಿ ಇಳಿಯುವ ಮೊದಲೇ ತಾನು ಕುಕ್ಕರಿನ ಮುಚ್ಚಳಕ್ಕೆ ಕೈ ಹಾಕಿದಾಗಲೂ ಅವಳು ಥೇಟು ಹೀಗೇ ಹಣೆ ಹಿಡಿದುಕೊಳ್ಳುತ್ತಾಳೆ.

ಅತ್ತೆ ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳ ಜಾಡು ಹಿಡಿಯುತ್ತಲೇ ತಲೆ ನರೆಸಿಕೊಂಡವರು. ಎಷ್ಟು ಆಳದ ಬಾವಿಗೆ ಬಿದ್ದದ್ದನ್ನೂ ಮೇಲೆತ್ತುತ್ತಾರೆಂದು ಆಫೀಸಿನವರು ಇವರಿಗೆ ‘ಪಾತಾಳಗರಡಿ’ ಎಂದು ಹೆಸರಿಟ್ಟಿದ್ದರು. ನಿವೃತ್ತಿಯಾದ ಮೇಲೆ ಅದನ್ನೇ ಸ್ವಂತಕ್ಕೆ ಮಾಡುತ್ತಿದ್ದರು. ಮನುಷ್ಯರ ಸುಳ್ಳು ಅವರಿಗೆ ಅಂಗೈಯ ಮೇಲಿನ ನೆಲ್ಲಿಕಾಯಿ. ಕಂಪ್ಯೂಟರಿನದು ಮಾತ್ರ ಕಬ್ಬಿಣದ ಕಡಲೆ. ಅದಕ್ಕೇ, ಕಾಲೇಜೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಸೊಸೆಗೆ ಈವತ್ತು ರಜೆ ಹಾಕಿಸಿ ಜೊತೆಗೆ ಕರೆತಂದಿದ್ದರು. ರೋಗವನ್ನು ಕಣ್ಣಾರೆ ನೋಡಬೇಕೆಂದು ಸೊಸೆಯೇ ಮೊದಲು ಕಾಪಿಗೆ ಹಚ್ಚಿದ್ದಳು. ರೋಗ ತನ್ನ ಪೂರ್ತಿ ವೈಭವದಲ್ಲಿ ದರ್ಶನ ಕೊಟ್ಟಿತ್ತು.

ಎದುರಿನ ಕುರ್ಚಿಯಲ್ಲಿ ಕಥೆಯಕ್ಕ ಕೂತಿದ್ದರು. ಕಣ್ಣು ಕಾಣದವರಿಗಾಗಿ ವರ್ಷಗಟ್ಟಲೆ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿಸಿದವರು. ಕೇಳುಗರೇ ಅವರಿಗೆ ಇಟ್ಟ ಹೆಸರು ಅದು. ಈಗ ಅವರ ಕೊರಳಿಗೊಂದು ಸ್ಕಾರ್ಫು, ಮಡಿಲಲ್ಲೊಂದು ಬಿಳಿ ಹಲಗೆ, ಕೈಯಲ್ಲಿ ಮಾರ್ಕರ್ ಪೆನ್ನು. ಗಂಟಲಿನ ಆಪರೇಷನ್ನು ಅವರ ಜೀವ ಉಳಿಸಿ ದನಿಯನ್ನು ತೆಗೆದುಕೊಂಡು ಹೋಗಿತ್ತು.

ಟೈಪು ಮಾಡಿದ್ದನ್ನು ಅವರದೇ ದನಿಯಲ್ಲಿ ನುಡಿಯುವ ಯಂತ್ರವೊಂದನ್ನು ಮಾಡಿಕೊಡುತ್ತೇವೆ, ಆದರೆ ಸಂಗೀತ ಬೆರೆಸದ ಮೂಲ ರೆಕಾರ್ಡಿಂಗುಗಳು ಬೇಕು ಎಂದಿದ್ದರು ಆಸ್ಪತ್ರೆಯವರು. ಆ ಮೂಲಗಳು ಉಳಿದಿದ್ದದ್ದು ಒಂದೇ ಒಂದು ಎಕ್ಸ್‌ಟರ್ನಲ್ ಡ್ರೈವಿನಲ್ಲಿ. ಅದು ಹಾಳಾದರೆ ಕಥೆಯಕ್ಕನ ದನಿ ಎರಡನೇ ಸಲ ಹೋದಂತೆಯೇ ಲೆಕ್ಕ. ಕೆಲಸದಿಂದ ತೆಗೆದುಹಾಕಿದ ಸಿಟ್ಟಿಗೆ ಸೌಂಡ್ ಮೇಷ್ಟ್ರು ಅದರೊಳಗೆ ಏನೋ ಇಟ್ಟು ಹೋಗಿದ್ದಾರೆ ಎಂಬುದು ಮಾಲೀಕರ ದೂರು. ಆ ದೂರೇ ಅತ್ತೆಯನ್ನು ಇಲ್ಲಿಗೆ ತಂದದ್ದು.

“ಇದು ಸತ್ತಿಲ್ಲ,” ಎಂದಳು ಸೊಸೆ. “ಅತ್ತೆ, ಮನೇಲಿ ನೀವು ಅಡುಗೆ ಮಾಡ್ತೀರಿ, ನಾನು ಪಾತ್ರೆ ತೊಳೀತೀನಿ ಅಲ್ವಾ? ನೀವು ಒಂದೊಂದೇ ಸಿಂಕಿಗೆ ಹಾಕ್ತಾ ಹೋಗ್ತೀರಿ. ಕಟ್ಟೆ ಖಾಲಿ, ಕೆಲಸ ಮುಗೀತು ಅನ್ಸುತ್ತೆ. ಸಿಂಕ್ ನೋಡಿದ್ರೆ ಬೆಟ್ಟ.”

“ನನ್ನ ಮೇಲೆ ದೂರು ಹೇಳೋಕೆ ಇದೇ ಜಾಗ ಸಿಕ್ತಾ ನಿನಗೆ?”

“ದೂರು ಈ ಕಂಪ್ಯೂಟರ್ ನಡೆಸೋ ಲಿನಕ್ಸ್ ಸಿಸ್ಟಮ್ ಮೇಲೆ. ಅದೂ ಫೈಲುಗಳನ್ನ ಮೊದಲು ಮೆಮೊರೀಲಿ ಗುಡ್ಡೆ ಹಾಕ್ಕೊಳುತ್ತೆ. ಆಗ ಹಸಿರು ಪಟ್ಟಿ ಓಡುತ್ತೆ, ನಮಗೆ ಖುಷಿ. ಕಾಪಿ ಇಳಿಸೋ ಹೊಸ ಡ್ರೈವಿಗೆ ಬರೆಯೋ ಕೆಲಸ ಇನ್ನೂ ಹಿಂದೇನೇ ಇರುತ್ತೆ. ಬರೆಯೋ ದಾರಿ ಇಕ್ಕಟ್ಟಾದ್ರೆ ಇಡೀ ಸಿಸ್ಟಮ್ಮೇ ಅದಕ್ಕೆ ಕಾಯ್ತಾ ಕೂತ್ಬಿಡುತ್ತೆ. ಆ ಹೊತ್ತಿಗೆ ಸರಿಯಾಗಿ ಇವರು ವಯರ್ ಕೀಳ್ತಾರೆ. ಸಿಂಕಲ್ಲಿದ್ದ ಪಾತ್ರೆ ಎಲ್ಲಾ ಚೂರು.”

ಮಾಲೀಕರು ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಸೇರಿಸಿಕೊಂಡರು.

ಎಲ್ಲರೂ ಕಾದರು. ಬಾಣ ಒಮ್ಮೆ ಅಲುಗಿತು. ಹಿಂದೆಯೇ ‘ಡ್ರೈವ್ ಸಿಗುತ್ತಿಲ್ಲ’ ಎಂಬ ಸಂದೇಶವೂ ಬಂತು. ಕಥೆಯಕ್ಕನ ಬೆರಳುಗಳು ಹಲಗೆಯ ಅಂಚನ್ನು ಬಿಗಿಹಿಡಿದದ್ದು ಅತ್ತೆಯ ಕಣ್ಣಿಗೆ ಬಿತ್ತು. ಪಾಪ, ಅಯ್ಯೋ ಎನ್ನಲೂ ದನಿಯಿಲ್ಲದ ಹೆಂಗಸು.

ಸೊಸೆ ಕಪ್ಪು ಕಿಟಕಿಯೊಂದನ್ನು ತೆರೆದು ಏನೋ ಟೈಪು ಮಾಡಿದಳು. “ಲಿನಕ್ಸ್ ತನಗಾದ ಕಷ್ಟಾನೆಲ್ಲ ಒಳಗೊಳಗೇ ಗೊಣಗಿಕೊಂಡಿರುತ್ತೆ. ಅದನ್ನ ಕೇಳಿಸ್ಕೊಳ್ಳೋಕೆ ಒಂದು ಕಮಾಂಡ್ ಇದೆ.”

“ಮನೆಗೂ ಅಂಥದ್ದೊಂದು ಇದ್ದಿದ್ರೆ ಚೆನ್ನಾಗಿತ್ತು,” ಎಂದರು ಅತ್ತೆ.

“ಮನೇಲಿ ಕಮಾಂಡ್ ಇಲ್ದೇನೇ ಕೇಳ್ಸುತ್ತೆ ಅತ್ತೆ.”

ಕಥೆಯಕ್ಕನ ಭುಜಗಳು ಸದ್ದಿಲ್ಲದೆ ಕುಲುಕಿದವು. ನಕ್ಕರಲ್ಲ, ಸದ್ಯ, ಎಂದುಕೊಂಡರು ಅತ್ತೆ.

ಪರದೆಯ ತುಂಬ ಒಂದೇ ದೂರು ಸಾಲುಗಟ್ಟಿ ನಿಂತಿತ್ತು. ಡ್ರೈವ್ ಬಿದ್ದಿತು, ರೀಸೆಟ್ ಮಾಡಿ ಎಬ್ಬಿಸಿದೆ. ಮತ್ತೆ ಬಿದ್ದಿತು, ಮತ್ತೆ ಎಬ್ಬಿಸಿದೆ. ಸೊಸೆ ಇನ್ನೊಂದು ಕಮಾಂಡ್ ಕೊಟ್ಟು ಹುಬ್ಬು ಗಂಟಿಕ್ಕಿದಳು. “ವೇಗದ ಡ್ರೈವು ಇದು. ಆದ್ರೆ ಹಳೇ ಕಾಲದ ನಿಧಾನದ ದಾರೀಲಿ ಬಂದು ಕೂತಿದೆ. ಅಂದಹಾಗೆ, ಡ್ರೈವ್ ಎಲ್ಲಿ? ಮೇಜಿನ ಮೇಲೆ ಕಾಣ್ತಾನೇ ಇಲ್ಲ.”

“ಇಲ್ಲಿಡೋ ಹಾಗಿಲ್ಲಮ್ಮಾ. ಅದು ತಿರುಗೋ ಸದ್ದು ಮೈಕಿಗೆ ಬರುತ್ತೆ,” ಎಂದರು ಮಾಲೀಕರು. ಈ ಸ್ಟುಡಿಯೋದಲ್ಲಿ ಮೌನವೇ ಧಣಿ. ಫ್ಯಾನಿಲ್ಲದ ಕಂಪ್ಯೂಟರು, ಕಾಲಿಗೆ ದಪ್ಪ ಜಮಖಾನ, ಬಾಗಿಲ ಸಂದಿಗೆ ರಬ್ಬರು. ಯಾರಾದರೂ ಕೆಮ್ಮಿದರೂ ಮಾಲೀಕರು ‘ಶ್’ ಎನ್ನುತ್ತಿದ್ದರು. ಹಿಂದಿನಿಂದ ಎಲ್ಲರೂ ಅವರನ್ನು ‘ಶ್ ಸಾಹೇಬರು’ ಎಂದೇ ಕರೆಯುತ್ತಿದ್ದುದು ಅವರಿಗೊಬ್ಬರಿಗೆ ಗೊತ್ತಿರಲಿಲ್ಲ.

ಜಾಡು ಹಿಡಿಯುವುದೆಂದರೆ ಅತ್ತೆಗೆ ವಯಸ್ಸು ಮರೆತುಹೋಗುತ್ತದೆ. ಸೆರಗು ಸಿಕ್ಕಿಸಿಕೊಂಡು ಮಂಡಿಯೂರಿ, ಕಂಪ್ಯೂಟರಿನ ಹಿಂದಿನ ವಯರನ್ನು ಹಿಡಿದು ಹೊರಟರು. ಅದು ಜಮಖಾನದ ಕೆಳಗೆ ನುಸುಳಿತು. ಅಲ್ಲಿ ಇನ್ನೊಂದು ಉದ್ದದ ವಯರಿಗೆ ಗಂಟುಬಿದ್ದು, ಗೋಡೆಯುದ್ದಕ್ಕೂ ಸಾಗಿ, ಕೊನೆಗೆ ಗೋಡೆ ಕಪಾಟಿನ ಬಾಗಿಲ ಸಂದಿಯಲ್ಲಿ ಮಾಯವಾಯಿತು.

ಬಾಗಿಲು ತೆರೆದಾಗ ಒಳಗೆಲ್ಲ ಸ್ಪಂಜು ತುಂಬಿತ್ತು. ನಡುವೆ ಉಣ್ಣೆಯ ಶಾಲಿನ ಗಂಟೊಂದು, ಎಳೆಗೂಸನ್ನು ಸುತ್ತಿ ಮಲಗಿಸಿದ ಹಾಗೆ. ಅತ್ತೆ ಗಂಟಿನೊಳಗೆ ಕೈ ಹಾಕಿದವರೇ ‘ಹಾ’ ಎಂದು ಹಿಂದಕ್ಕೆಳೆದುಕೊಂಡರು.

“ಸುಡ್ತಿದೆಯಲ್ಲೇ ಇದು!”

ಸೊಸೆ ಓಡಿಬಂದು ಶಾಲು ಬಿಚ್ಚಿದಳು. ಹಳೆಯ ಡ್ರೈವು, ಕಾಪಿಗೆಂದು ತಂದ ಹೊಸ ಡ್ರೈವು ಎರಡೂ ಒಂದೇ ವಯರನ್ನು ಹಲವು ಕಿಂಡಿಗಳಿಗೆ ಹಂಚುವ ಯುಎಸ್‌ಬಿ ಹಬ್‌ಗೆ ಕಚ್ಚಿಕೊಂಡಿದ್ದವು. ಹಬ್‌ನ ಬೆನ್ನಿನಲ್ಲಿ ಕರೆಂಟಿನ ಅಡಾಪ್ಟರ್ ಸಿಕ್ಕಿಸುವ ತೂತು ಖಾಲಿಯಿತ್ತು. “ಎರಡು ಡ್ರೈವಿಗೆ ಆಗುವಷ್ಟು ಕರೆಂಟ್ ಇಷ್ಟುದ್ದದ ವಯರಲ್ಲಿ ಎಲ್ಲಿಂದ ಬರಬೇಕು? ಅರೆಹೊಟ್ಟೆಲಿ ಓಡಿಸಿ, ಮೇಲೆ ಉಸಿರು ಕಟ್ಟಿಸಿದಾರೆ. ಬೀಳದೆ ಏನು ಮಾಡುತ್ತೆ ಪಾಪ?”

“ಯಾರೋ ಬೇಕಂತಲೇ ಮಾಡಿದಾರೆ ಅಂತ ನಾನು ಬಡ್ಕೊಂಡೆ!” ಮಾಲೀಕರು ತಮ್ಮ ನಿಯಮವನ್ನೇ ಮರೆತು ಕೂಗಿದರು.

“ಯಾರೋ ಯಾಕೆ? ಹೆಸರು ಹಿಡಿದೇ ಹೇಳಿ.”

ಬಾಗಿಲಲ್ಲಿ ಸೌಂಡ್ ಮೇಷ್ಟ್ರು ನಿಂತಿದ್ದರು. ಬರಹೇಳಿದ್ದು ಅತ್ತೆಯೇ. ಸಣಕಲು ಮೈ, ಕೊರಳಲ್ಲಿ ಹೆಡ್‌ಫೋನು. ಕೆಲಸ ಹೋಗಿ ತಿಂಗಳಾದರೂ ಅದು ಮಾತ್ರ ಅಲ್ಲೇ ಜೋತಾಡುತ್ತಿತ್ತು.

“ಬಾಗಿಲ ಕೀಲಿಕೈ ಕೂಡ ವಾಪಸ್ ಕೊಡದೆ ಹೋದ ಮನುಷ್ಯ ಈತ,” ಎಂದರು ಮಾಲೀಕರು.

“ಕೇಳಿದ್ದಿದ್ರೆ ಕೊಡ್ತಿದ್ದೆ.” ಮೇಷ್ಟ್ರು ಕೀಲಿಕೈಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಕುಕ್ಕಿದರು.

ಅತ್ತೆ ಖಾಲಿ ತೂತಿನ ಹಬ್ ಅನ್ನು ಎತ್ತಿ ಹಿಡಿದರು. “ಮೇಷ್ಟ್ರೇ, ಇದರ ಅಡಾಪ್ಟರ್ ಎಲ್ಲಿ?”

“ನಾನೇ ಕಿತ್ತೆ.” ಅವರು ಅತ್ತೆಯ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು. “ಗುಂಯ್ ಅಂತಿತ್ತು. ಮೈಕಲ್ಲಿ ಬರ್ತಿತ್ತು.”

“ಒಪ್ಕೊಂಡ! ಕೇಳಿದ್ರಾ, ಒಪ್ಕೊಂಡ!”

“ಶ್,” ಎಂದರು ಅತ್ತೆ. ಮಾಲೀಕರ ಬಾಯಿ ಟಪ್ಪೆಂದು ಮುಚ್ಚಿತು. “ಶಾಲು ಹೊದಿಸಿದ್ದು?”

ಈ ಸಲ ಮೇಷ್ಟ್ರ ಕಣ್ಣು ಅತ್ತೆಯನ್ನು ಬಿಟ್ಟು ಜಮಖಾನದ ಹೂವುಗಳ ಮೇಲೆ ಹೋಯಿತು. “ಅದೂ ನಾನೇ.”

ಅತ್ತೆಗೆ ಅಷ್ಟು ಸಾಕಾಯಿತು. ಮೊದಲನೆಯದು ನಿಜ, ಎರಡನೆಯದು ಸುಳ್ಳು. ಯಾರಿಗಾಗಿ ಈ ಸುಳ್ಳು ಎಂದು ಕೇಳಬೇಕು ಎನ್ನುವಷ್ಟರಲ್ಲಿ ಹಿಂದೆ ಫಟ್ಟೆಂದು ಸದ್ದಾಯಿತು. ಕಥೆಯಕ್ಕ ಹಲಗೆಯನ್ನು ಮೇಜಿಗೆ ಬಡಿದಿದ್ದರು. ಅದರ ಮೇಲೆ ದೊಡ್ಡ ಅಕ್ಷರಗಳು: ‘ಶಾಲು ನಂದು.’

ಒರೆಸಿ ಮತ್ತೆ ಬರೆದರು. ‘ಅಡಾಪ್ಟರ್ ಕೀಳಿ ಅಂದಿದ್ದೂ ನಾನೇ. ಕೇಳೋರಿಗೆ ಕಥೆ ಮಾತ್ರ ಕೇಳಿಸಲಿ ಅಂತ.’

ಕೇಳುಗರ ಕಿವಿಗೆ ಒಂದು ಗುಂಯ್ ಕೂಡ ಬೀಳಬಾರದೆಂಬ ಅಕ್ಕರೆಯಿಂದ ಆಕೆ ತನ್ನ ದನಿಯ ಪೆಟ್ಟಿಗೆಯನ್ನೇ ಬೆಚ್ಚಗೆ ಹೊದಿಸಿ ಉಸಿರುಗಟ್ಟಿಸಿದ್ದರು. ಪ್ರೀತಿಯಿಂದ ಮಾಡಿದ ಇಂಥ ಎಡವಟ್ಟನ್ನು ಅತ್ತೆ ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ. ಈ ತಿಂಗಳಿಡೀ ಅಪವಾದ ಹೊತ್ತರೂ ಕಥೆಯಕ್ಕನ ಹೆಸರೆತ್ತದ ಮೇಷ್ಟ್ರ ಮೇಲೂ ಅತ್ತೆಗೆ ಗೌರವ ಹುಟ್ಟಿತು. ಕಥೆಯಕ್ಕ ಎದ್ದು ಹೋಗಿ ಮೇಷ್ಟ್ರ ಎರಡೂ ಕೈಗಳನ್ನು ಹಿಡಿದುಕೊಂಡು ತಮ್ಮ ಹಣೆಗೆ ಒತ್ತಿಕೊಂಡರು. ಮೇಷ್ಟ್ರು ಮುಖ ತಿರುಗಿಸಿ ಮೂಗೆಳೆದುಕೊಂಡರು.

“ಹಾಗಾದ್ರೆ ಇಲ್ಲಿ ಕಳ್ಳರು ಯಾರೂ ಇಲ್ಲ,” ಎಂದರು ಅತ್ತೆ.

ಮಾಲೀಕರು ಗಂಟಲು ಸರಿಮಾಡಿಕೊಂಡು, “ಕೂತ್ಕೊಳ್ಳಿ ಮೇಷ್ಟ್ರೇ, ನಿಂತೇ ಇದೀರಲ್ಲ,” ಎಂದರು. ಅವರಿಂದ ಅದಕ್ಕಿಂತ ದೊಡ್ಡ ಕ್ಷಮಾಪಣೆ ಹೊರಡುವಂತಿರಲಿಲ್ಲ.

ಸೊಸೆ ಉದ್ದದ ವಯರುಗಳನ್ನೂ ಆ ಹಬ್ ಅನ್ನೂ ಮೂಲೆಗೆಸೆದಳು. ಹಳೆಯ ಡ್ರೈವನ್ನು ಮೇಜಿನ ಮೇಲೆ ಗಾಳಿಯಾಡುವಂತಿಟ್ಟು, ತಣ್ಣಗಾಗಲು ಬಿಟ್ಟು, ಗಿಡ್ಡ ವಯರಿನಿಂದ ನೇರ ಕಂಪ್ಯೂಟರಿನ ಬೆನ್ನಿಗೇ ಸಿಕ್ಕಿಸಿದಳು. ಹೊಸ ಡ್ರೈವಿಗೆ ಬೇರೆಯದೇ ಕಿಂಡಿ. ಮೆಮೊರಿಯಲ್ಲಿ ಇಷ್ಟಕ್ಕಿಂತ ಹೆಚ್ಚು ಗುಡ್ಡೆ ಹಾಕಿಕೊಳ್ಳಬೇಡವೆಂದು ಲಿನಕ್ಸಿಗೆ ಕಟ್ಟಪ್ಪಣೆ ಮಾಡಿದಳು. “ಸಿಂಕಿಗೆ ನಾಲ್ಕೇ ಪಾತ್ರೆ. ತೊಳೆದ ಮೇಲೇ ಮುಂದಿನ ನಾಲ್ಕು.”

ಕಾಪಿ ಶುರುವಾಯಿತು. ಬಾಣ ಸಲೀಸಾಗಿ ಓಡಾಡಿತು. ಮಾಲೀಕರ ಮುಖ ಅರಳಿತು. ಆಮೇಲೆ, ಪಟ್ಟಿ ಅರ್ಧ ದಾಟುವ ಮೊದಲೇ, ಎಲ್ಲವೂ ಮತ್ತೆ ಗಕ್ಕನೆ ನಿಂತಿತು.

ಕಥೆಯಕ್ಕ ಕಣ್ಣು ಮುಚ್ಚಿಕೊಂಡರು. ಸೊಸೆ ಮಾತ್ರ ಮತ್ತೆ ಗೊಣಗಾಟದ ಕಿಟಕಿಯತ್ತ ಬಗ್ಗಿದಳು. “ಈಗ ದೂರು ಬೇರೆ ಇದೆ. ಅಂದ್ರೆ ಹಳೇ ರೋಗ ವಾಸಿಯಾಯ್ತು, ಇದು ಎರಡನೇದು.”

“ಬಿಡಿಸಿ ಹೇಳೇ ತಾಯಿ.”

“ಡಿಸ್ಕು ಚೆನ್ನಾಗಿದೆ. ಅದನ್ನ ಇಟ್ಟಿರೋ ಈ ಡಬ್ಬೀಲಿ ಒಂದು ಚಿಪ್ ಇದೆ. ಕಂಪ್ಯೂಟರ್ ಜೊತೆ ಹೊಸ ಪದ್ಧತೀಲಿ ಮಾತಾಡ್ತೀನಿ ಅಂತ ಜಂಬ ಕೊಚ್ಚುತ್ತೆ. ಕೆಲಸ ಜಾಸ್ತಿ ಆದ್ರೆ ತಬ್ಬಿಬ್ಬಾಗುತ್ತೆ. ಇವನ ಜೊತೆ ಹಳೇ ಪದ್ಧತೀಲೇ ಮಾತಾಡು ಅಂತ ಸಿಸ್ಟಮ್‌ಗೆ ಒಂದು ಸಾಲು ಬರೆದಿಟ್ರೆ ಆಯ್ತು.”

ಅವಳು ಸೆಟ್ಟಿಂಗಿನ ಫೈಲೊಂದನ್ನು ತೆರೆದಳು. ತೆರೆದವಳ ಬೆರಳುಗಳು ಕೀಲಿಮಣೆಯ ಮೇಲೆ ಸುಮ್ಮನಾದವು. ಕತ್ತು ಹೊರಳಿಸದೆ, ಪಕ್ಕದಲ್ಲಿದ್ದ ಅತ್ತೆಗೆ ಮಾತ್ರ ಕೇಳುವಂತೆ ಪಿಸುಗುಟ್ಟಿದಳು.

“ಅತ್ತೆ, ನಾನು ಬರೀಬೇಕು ಅಂದ್ಕೊಂಡ ಸಾಲನ್ನ ಮೊದಲೇ ಯಾರೋ ಬರೆದಿದಾರೆ. ಇದೇ ಡಬ್ಬಿಗೆ, ಇದೇ ಮದ್ದು. ಬರೆದು, ಕೆಲಸ ಮುಗಿಸ್ಕೊಂಡು, ಅದರ ಮುಂದೆ ಒಂದು ಗುರುತು ಹಾಕಿ ಸಾಲನ್ನ ಮಲಗಿಸಿದಾರೆ. ಗುರುತಿದ್ರೆ ಸಿಸ್ಟಮ್ ಆ ಸಾಲನ್ನ ಓದಲ್ಲ.”

“ಯಾವಾಗ?”

“ಫೈಲು ತಿದ್ದಿರೋದು ಹೋದ ವಾರ.”

ಹೋದ ವಾರ. ಕಥೆಯಕ್ಕನ ಆಪರೇಷನ್ನಾಗಿ ತಿಂಗಳುಗಳೇ ಕಳೆದಿದ್ದವು. ಯಾರೋ ಒಬ್ಬರು ಈ ಡ್ರೈವನ್ನು ನೆಟ್ಟಗೆ ಕಾಪಿ ಮಾಡಿಕೊಂಡು, ಮಿಕ್ಕವರಿಗೆ ಅದು ದಕ್ಕದಂತೆ ಮದ್ದನ್ನು ಮಲಗಿಸಿ ಹೋಗಿದ್ದರು. ಕಳ್ಳರು ಯಾರೂ ಇಲ್ಲವೆಂದು ಬಾಯಿ ತುಂಬ ಹೇಳಿದ್ದ ಅತ್ತೆಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಆದರೂ ಮುಖದ ಒಂದು ಗೆರೆಯೂ ಕದಲಲಿಲ್ಲ. “ಮೊದಲು ದನಿ ಹೊರಗೆ ಬರಲಿ,” ಎಂದರು ಮೆಲ್ಲಗೆ. “ಎಬ್ಬಿಸು ಅದನ್ನ.”

ಸೊಸೆ ಗುರುತನ್ನು ಅಳಿಸಿದಳು. ಕಂಪ್ಯೂಟರ್ ಒಮ್ಮೆ ಮಲಗಿ ಎದ್ದಿತು. ಮೂರನೇ ಸಲ ಕಾಪಿ ಹೊರಟಾಗ ಅದಕ್ಕೆ ಮೊದಲಿನ ಓಟವಿರಲಿಲ್ಲ, ಆದರೆ ನಡಿಗೆ ಎಲ್ಲೂ ನಿಲ್ಲಲಿಲ್ಲ. ಸಂಜೆಯ ಬಿಸಿಲು ಮೇಜಿನಿಂದ ಗೋಡೆಗೆ ಹತ್ತಿತು. ಮಾಲೀಕರು ತಾವೇ ಹೋಗಿ ಎಲ್ಲರಿಗೂ ಕಾಫಿ ತಂದರು. ಪಟ್ಟಿ ತುಂಬಿದ ಮೇಲೂ ಸೊಸೆ ಯಾರನ್ನೂ ಅಲುಗಗೊಡಲಿಲ್ಲ. ಸಿಂಕ್ ಪೂರ್ತಿ ಖಾಲಿಯಾಗಲಿ ಎಂದು ಇನ್ನೊಂದು ಕಮಾಂಡ್ ಕೊಟ್ಟು ಕಾದಳು. ಪರದೆ ಅವಳಿಗೆ ಉತ್ತರ ಕೊಟ್ಟ ಮೇಲೇ ಕುರ್ಚಿಗೆ ಒರಗಿದಳು.

“ಆಯ್ತು ಅಕ್ಕ. ಎಲ್ಲಾ ಬಂತು. ಒಂದೂ ಬಿಟ್ಟು ಹೋಗಿಲ್ಲ.”

ಕಥೆಯಕ್ಕನ ಕಣ್ಣಿಂದ ನೀರು ದಳದಳ ಇಳಿಯಿತು. ಒರೆಸಿ ಒರೆಸಿ ಕೊನೆಗೆ ಬರೆದರು: ‘ನನ್ನ ದನಿ ಬಂದ ದಿನ ಮೊದಲು ನಿನ್ನ ಹೆಸರು ಹಿಡಿದು ಕರೀತೀನಿ ಮಗಳೇ.’

ಸೊಸೆ ಅದನ್ನು ಓದಿ ಸುಮ್ಮನೆ ಅವರ ಮಂಡಿಯ ಮೇಲೆ ಕೈಯಿಟ್ಟಳು. ಅತ್ತೆ ಅದನ್ನೇ ನೋಡುತ್ತಿದ್ದರು. ಈ ಹುಡುಗಿ ಮನೆಗೆ ಬಂದಾಗಿನಿಂದ ಕೆಟ್ಟ ಮಿಕ್ಸಿ, ಕೆಟ್ಟ ಫೋನು, ಕೆಟ್ಟ ಮನಸ್ಸು ಎಲ್ಲವನ್ನೂ ಸದ್ದಿಲ್ಲದೆ ರಿಪೇರಿ ಮಾಡಿಕೊಂಡು ಬಂದಿದ್ದಾಳೆ. ಒಂದು ದಿನವಾದರೂ ತಾನು ಬಾಯಿಬಿಟ್ಟು ಉಪಕಾರವಾಯಿತು ಎಂದದ್ದುಂಟೇ?

“ನೀನು ಸಿಕ್ಕಿದ್ದು ನನ್ನ ಪುಣ್ಯ ಕಣೇ,” ಎಂದುಬಿಟ್ಟರು. ಎಲ್ಲರೂ ತಿರುಗಿ ನೋಡಿದಾಗ ನಾಚಿಕೆಯಾಗಿ, “ಇವತ್ತಿನ ಪಾತ್ರೆ ನಾನೇ ತೊಳೀತೀನಿ,” ಎಂದು ಸೇರಿಸಿದರು.

“ಒಂದು ಕೇಳಿಸಮ್ಮಾ,” ಎಂದರು ಮಾಲೀಕರು. “ಖಾತ್ರಿ ಆಗಲಿ.”

ಸೊಸೆ ಮೊದಲ ಫೈಲನ್ನು ಒತ್ತಿದಳು. ಸ್ಪೀಕರಿನಿಂದ ಮೊದಲು ಬಂದದ್ದು ಮಾತಲ್ಲ, ಉಸಿರು. ಒಳಕ್ಕೆಳೆದುಕೊಂಡ ಒಂದು ಮೃದುವಾದ ಉಸಿರು. ಅದರ ಹಿಂದೆ ತುಂಬಿದ ದನಿ ಕಥೆ ಶುರುಮಾಡಿತು. ಪ್ರತಿ ವಾಕ್ಯದ ಮುಂದೂ ಅದೇ ಉಸಿರು.

“ಇದನ್ನ ಕತ್ತರಿಸ್ತೀನಿ ಅಂತ ನಾನು ಎಷ್ಟು ಜಗಳ ಆಡಿದೀನಿ,” ಎಂದರು ಮೇಷ್ಟ್ರು, ಕಣ್ಣೊರೆಸಿಕೊಳ್ಳುತ್ತ. “ಅಕ್ಕ ಬಿಡ್ಲೇ ಇಲ್ಲ.”

ಕಥೆಯಕ್ಕ ನಗುತ್ತ ಬರೆದರು: ‘ಪಕ್ಕದಲ್ಲಿ ಯಾರೋ ಕೂತು ಓದ್ತಿದಾರೆ ಅಂತ ಗೊತ್ತಾಗಬೇಕಲ್ಲ.’

“ಕೊನೇದೂ ಒಂದು ಕೇಳೋಣ,” ಎಂದರು ಅತ್ತೆ. ಸಹಜವಾಗಿಯೇ ಹೇಳಿದರು, ಆದರೆ ಅವರ ಕಣ್ಣು ಪರದೆಯ ಮೇಲಿರಲಿಲ್ಲ.

ಸೊಸೆ ಪಟ್ಟಿಯ ತಳಕ್ಕೆ ಇಳಿದಳು. ಎಲ್ಲಕ್ಕಿಂತ ಕೆಳಗಿದ್ದ ಫೈಲಿನ ಮುಂದಿದ್ದದ್ದು ಹೋದ ವಾರದ ತಾರೀಖು. ಅವಳು ಅತ್ತೆಯನ್ನೊಮ್ಮೆ ನೋಡಿ ಒತ್ತಿದಳು.

ಅದೇ ದನಿ, ಅದೇ ತುಂಬು, ಅದೇ ಏರಿಳಿತ. “ಎಲ್ಲರಿಗೂ ನಮಸ್ಕಾರ. ನನ್ನ ದನಿಯ ಮೇಲಿನ ಎಲ್ಲ ಹಕ್ಕನ್ನೂ ನಾನು ಸ್ವಂತ ಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇನೆ. ಇನ್ನು ಮುಂದೆ ಇದನ್ನು ಬಳಸುವವರು ನನ್ನನ್ನಾಗಲಿ ಯಾರನ್ನಾಗಲಿ ಕೇಳಬೇಕಾಗಿಲ್ಲ. ಈ ಏರ್ಪಾಟಿಗೆ ನಾನು ತುಂಬಾ ಋಣಿ.”

ಕಥೆಯಕ್ಕನ ಹಲಗೆ ಕೈಜಾರಿ ಜಮಖಾನದ ಮೇಲೆ ಬಿತ್ತು. ಅವರು ಬರೆಯಲಿಲ್ಲ. ಎರಡೂ ಕೈಗಳಿಂದ ಕೊರಳಿನ ಸ್ಕಾರ್ಫನ್ನು ಹಿಡಿದುಕೊಂಡು, ಇಲ್ಲ, ಇಲ್ಲ ಎಂದು ತಲೆಯಾಡಿಸುತ್ತಲೇ ಇದ್ದರು.

ನಮಸ್ಕಾರದಿಂದ ಋಣಿಯವರೆಗೆ ಆ ದನಿ ಒಂದೇ ಒಂದು ಸಲವೂ ಉಸಿರೆಳೆದುಕೊಂಡಿರಲಿಲ್ಲ.

ಯಂತ್ರದಿಂದ ಹುಟ್ಟಿದ ದನಿಯದು, ಅಸಲಿ ಒಪ್ಪಿಗೆಯಂತೆ ಕಾಣಲೆಂದು ಮೂಲಗಳ ಜೊತೆ ಸೇರಿಸಿಟ್ಟದ್ದು. ಅದನ್ನು ಹುಟ್ಟಿಸಿದವರಿಗೆ ಕಥೆಯಕ್ಕನ ಮೂಲ ರೆಕಾರ್ಡಿಂಗುಗಳು ಬೇಕಿತ್ತು, ಡಬ್ಬಿಯ ಮದ್ದು ಗೊತ್ತಿರಬೇಕಿತ್ತು, ಈ ಬಾಗಿಲಿನ ಕೀಲಿಕೈ ಕೈಯಲ್ಲಿರಬೇಕಿತ್ತು. ಉಸಿರು ಬೇಡವೇ ಬೇಡ ಎನ್ನುವ ಅಭ್ಯಾಸವೂ ಇರಬೇಕಿತ್ತು. ಅತ್ತೆ ಮೇಜಿನ ಮೇಲಿದ್ದ ಕೀಲಿಕೈಯನ್ನು ನೋಡಿದರು. ಅದರಾಚೆ, ಹಳೆಯ ಡ್ರೈವಿನ ವಯರಿನತ್ತ ಸದ್ದಿಲ್ಲದೆ ಸರಿಯುತ್ತಿದ್ದ ಬೆರಳುಗಳು ಕಂಡವು.

ಮಾಲೀಕರ ಎರಡೂ ಕೈಗಳು ಜೇಬಿನಲ್ಲೇ ಇದ್ದವು.

“ಕೈ ತೆಗೀರಿ, ಮೇಷ್ಟ್ರೇ,” ಎಂದರು ಅತ್ತೆ.